ನಗರದ ಮಲೇರಿಯಾ: ಮೊದಲು ಯಾವ ವಾರ್ಡಿಗೆ?

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಮಲೇರಿಯಾ ಬರುತ್ತದೆ. ರೋಗಾಣು ಪ್ಲಾಸ್ಮೋಡಿಯಂ, ವಾಹಕ ಹೆಣ್ಣು ಅನಾಫಿಲಿಸ್ ಸೊಳ್ಳೆ ಎಂದು ಕೋಷ್ಟಕ ತುಂಬಿಸಿ ಮುಂದೆ ಹೋಗಬಹುದು. ಆದರೆ ಅಷ್ಟರಿಂದ ಮಗು ಮನೆಯ ಟ್ಯಾಂಕಿನ ಮುಚ್ಚಳ ತೆರೆದು ನೋಡುವುದಿಲ್ಲ. ಆದ್ದರಿಂದ ಅಭ್ಯಾಸ ಬೋಧನೆಯಲ್ಲಿ ಒಂದೇ ಪ್ರಶ್ನೆಯ ಸುತ್ತ ಪಾಠ ಯೋಜಿಸಿದೆ: ಸಿಬ್ಬಂದಿ ಕಡಿಮೆ, ವಾರ್ಡುಗಳು ಹೆಚ್ಚು, ಮೊದಲು ಎಲ್ಲಿಗೆ ಹೋಗಬೇಕು?

ಉದಾಹರಣೆಗೆ ಮಂಗಳೂರನ್ನು ಆರಿಸಿಕೊಂಡೆ. 1990ರ ದಶಕದಲ್ಲಿ ಅಲ್ಲಿ ಕಟ್ಟಡ ಕಾಮಗಾರಿ ಹೆಚ್ಚಿದಂತೆ ಮಲೇರಿಯಾವೂ ಹೆಚ್ಚಿತು. ನಗರದ ಮುಖ್ಯ ವಾಹಕ ಅನಾಫಿಲಿಸ್ ಸ್ಟೀಫೆನ್ಸಿ. ಇದು ತಾರಸಿಯ ಟ್ಯಾಂಕು, ಬಾವಿ, ಕಾಂಕ್ರೀಟ್ ಕ್ಯೂರಿಂಗಿಗೆ ನಿಲ್ಲಿಸಿದ ನೀರು ಮುಂತಾದ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ‘ಸೊಳ್ಳೆ ಎಂದರೆ ಚರಂಡಿ’ ಎಂಬ ಮಕ್ಕಳ ಪೂರ್ವಜ್ಞಾನವನ್ನು ಇಲ್ಲಿಯೇ ತಿದ್ದಬೇಕು.

ಅಪಾಯವನ್ನು ಅಳೆಯಲು ಮೂರು ಅಂಶಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ.

1. ರೋಗಿಗಳು: ವರ್ಷದಲ್ಲಿ ಖಚಿತವಾದ ಪ್ರಕರಣಗಳನ್ನು ಜನಸಂಖ್ಯೆಯಿಂದ ಭಾಗಿಸಿ 1000ದಿಂದ ಗುಣಿಸಿದರೆ ವಾರ್ಷಿಕ ಪರಾವಲಂಬಿ ಸೂಚ್ಯಂಕ ಸಿಗುತ್ತದೆ. ಎರಡು ಕಲ್ಪಿತ ವಾರ್ಡುಗಳನ್ನು ಕೊಟ್ಟೆ. ‘ಅ’ ವಾರ್ಡಿನಲ್ಲಿ 10,000 ಜನ, 20 ಪ್ರಕರಣ; ‘ಆ’ ವಾರ್ಡಿನಲ್ಲಿ 3,000 ಜನ, 15 ಪ್ರಕರಣ. ಮಕ್ಕಳು ಮೊದಲು ‘ಅ’ ಎಂದರು. ಲೆಕ್ಕ ಮಾಡಿದಾಗ ಸೂಚ್ಯಂಕ 2 ಮತ್ತು 5 ಬಂತು. ಉತ್ತರ ತಾನಾಗಿ ಬದಲಾಯಿತು.

2. ನೀರು: ಪರೀಕ್ಷಿಸಿದ ನೂರು ನೀರಿನ ತಾಣಗಳಲ್ಲಿ ಎಷ್ಟರಲ್ಲಿ ಲಾರ್ವಾ ಇದೆ? ಅನಾಫಿಲಿಸ್ ಲಾರ್ವಾ ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಲಾರ್ವಾ ತಲೆ ಕೆಳಗಾಗಿ ಓರೆಯಾಗಿ ತೂಗುತ್ತದೆ.

3. ಜನರ ಸ್ಥಿತಿ: ಕಟ್ಟಡ ಕಾರ್ಮಿಕರ ಶೆಡ್ಡಿಗೆ ಕಿಟಕಿ ಜಾಲರಿ ಇರುವುದಿಲ್ಲ. ಜ್ವರ ಬಂದರೂ ದಿನಗೂಲಿ ಬಿಟ್ಟು ರಕ್ತಪರೀಕ್ಷೆಗೆ ಹೋಗುವುದು ಕಷ್ಟ.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಟೀಚರ್, ಪರೀಕ್ಷೆಯೇ ಮಾಡದ ವಾರ್ಡಿನಲ್ಲಿ ಪ್ರಕರಣ ಸೊನ್ನೆ ಅಲ್ಲವಾ?” ಪಾಠದ ತಿರುಳೇ ಅದು. ಎಷ್ಟು ಜನರ ರಕ್ತ ಪರೀಕ್ಷಿಸಲಾಗಿದೆ ಎಂಬುದನ್ನು ನೋಡದೆ ಸೊನ್ನೆಯನ್ನು ನಂಬಿದರೆ, ಹೆಚ್ಚು ಅಪಾಯದಲ್ಲಿರುವವರೇ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಜೊತೆಗೆ, ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮತ್ತೆ ಜ್ವರ ತರಬಲ್ಲದು. ಹಾಗಾಗಿ ಜ್ವರ ಬಂದ ಸ್ಥಳವೇ ಸೊಳ್ಳೆ ಕಚ್ಚಿದ ಸ್ಥಳ ಎನ್ನಲಾಗದು.

ಕೊನೆಗೆ ಕಾರಣಕ್ಕೆ ತಕ್ಕ ಕ್ರಮವನ್ನು ಮಕ್ಕಳೇ ಹೊಂದಿಸಿದರು: ಟ್ಯಾಂಕಿಗೆ ಬಿಗಿ ಮುಚ್ಚಳ, ಬಾವಿಗೆ ಗಪ್ಪಿ ಮೀನು, ನಿಂತ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡುವುದು, ಶೆಡ್ಡಿಗೆ ಸೊಳ್ಳೆಪರದೆ ಮತ್ತು ಕೆಲಸದ ಸ್ಥಳದಲ್ಲೇ ರಕ್ತಪರೀಕ್ಷೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಮೌಲ್ಯಮಾಪನದಲ್ಲಿ ವ್ಯಾಖ್ಯೆ ಕೇಳಬೇಡಿ. ಮೂರು ವಾರ್ಡುಗಳ ಅಂಕಿ ಕೊಟ್ಟು, ಮೊದಲು ಯಾವುದು, ಏಕೆ ಎಂದು ಕೇಳಿ.