ಮಣ್ಣು ಎಷ್ಟೊತ್ತಿಗೆ?

ಶಾಲಿವಾಹನ ಶಕ 1585, ಶೋಭಕೃತು ಸಂವತ್ಸರ, ಮಾಘ ಶುದ್ಧ ಪಂಚಮಿ, ಶನಿವಾರ. ಇಂಗ್ಲಿಷ್ ಲೆಕ್ಕದಲ್ಲಿ 1664ರ ಜನವರಿ 23. ಈಗಿನ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಕಾಡಿನಲ್ಲಿ ಬೇಟೆಗೆ ಹೊರಟಿದ್ದ ಮುದಿ ಸರದಾರನೊಬ್ಬ ಕುದುರೆಯಿಂದ ಬಿದ್ದು ಸತ್ತ. ಕುದುರೆಯ ಕಾಲು ಬಳ್ಳಿಗೆ ತೊಡರಿತು ಎನ್ನುವವರುಂಟು, ಗುಂಡಿಗೆ ಸಿಕ್ಕಿತು ಎನ್ನುವವರೂ ಉಂಟು. ಸತ್ತವನು ಶಹಾಜಿ ಭೋಂಸ್ಲೆ, ಶಿವಾಜಿಯ ತಂದೆ.

ತಿಥಿ ವಾರ ಸಮೇತ ಈ ಸಾವು ನಮಗೆ ಗೊತ್ತಾಗಿದ್ದು ಜೇಧೆ ಶಕಾವಳಿಯಿಂದ. ಮಹಾರಾಷ್ಟ್ರದ ದೇಶಮುಖ ಮನೆತನವೊಂದು ಜೋಪಾನವಾಗಿಟ್ಟಿದ್ದ ಈ ಹಸ್ತಪ್ರತಿ ತಿಲಕರ ಕೈಸೇರಿ 1916ರಲ್ಲಿ ಅಚ್ಚಾಯಿತು. ಅಷ್ಟು ದೂರದ ದಫ್ತರದಲ್ಲಿ ಕೂತು ಯಾರೋ ಹೊದಿಗೆರೆಯ ಹೆಸರು ಬರೆದಿಟ್ಟಿದ್ದರು ಅನ್ನುವುದೇ ಸೋಜಿಗ.

ಶಹಾಜಿ ಇತ್ತ ಬಂದಿದ್ದು ಬಿಜಾಪುರದ ಚಾಕರಿಯ ಮೇಲೆ. 1638ರ ಸುಮಾರಿಗೆ ರಣದುಲ್ಲಾ ಖಾನನ ದಂಡಿನ ಜೊತೆ ದಕ್ಷಿಣಕ್ಕಿಳಿದು, ಬೆಂಗಳೂರನ್ನು ಜಹಗೀರಾಗಿ ಪಡೆದು, ಅಲ್ಲೇ ಸಣ್ಣದೊಂದು ಆಸ್ಥಾನ ಕಟ್ಟಿಕೊಂಡಿದ್ದ. ಜಯರಾಮ ಪಿಂಡ್ಯೆ ಎಂಬ ಕವಿ ಆ ಆಸ್ಥಾನವನ್ನು ಹೊಗಳಿ ‘ರಾಧಾಮಾಧವ ವಿಲಾಸ ಚಂಪೂ’ ಬರೆದ. ಹಿರಿಯ ಮಗ ಸಂಭಾಜಿ ಕನಕಗಿರಿಯ ಮುತ್ತಿಗೆಯಲ್ಲಿ ಸತ್ತ. ನಡುವಿನ ಸೆರೆ, ಬಿಡುಗಡೆ, ಮುನಿಸು, ರಾಜಿಗಳ ಪುರಾಣ ಇಲ್ಲಿ ಬೇಡ. 1663ರ ಕೊನೆಗೆ ಎರಡನೇ ಅಲಿ ಆದಿಲ್ ಶಾ ಬಿದನೂರಿನ ಮೇಲೆ ಬಂದಾಗ ಶಹಾಜಿಯೂ ಈ ಸೀಮೆಯಲ್ಲಿದ್ದ. ಯುದ್ಧ ಕೊಲ್ಲಲಿಲ್ಲ, ಬೇಟೆ ಕೊಂದಿತು.

ಇವನು ದುಡಿದ ಧಣಿ ಮಹಮ್ಮದ್ ಆದಿಲ್ ಶಾ 1656ರಲ್ಲಿ ತೀರಿಕೊಂಡು ಗೋಳಗುಮ್ಮಟದಡಿ ಮಲಗಿದ್ದಾನೆ. ಶಹಾಜಿಗೆ ಸಿಕ್ಕಿದ್ದು ಹೊದಿಗೆರೆಯಲ್ಲಿ ಗುಮ್ಮಟವಿಲ್ಲದ, ಬಿಸಿಲು ಮಳೆಗೆ ಒಡ್ಡಿದ ಕಲ್ಲಿನ ಕಟ್ಟೆ. ಅದಕ್ಕೆ ಸಮಾಧಿ ಎಂದು ಹೆಸರು. ಮರಾಠ ಸರದಾರರನ್ನು ಸುಡುವುದು ರೂಢಿ. ಸುಟ್ಟ ಜಾಗದಲ್ಲಿ ಕಟ್ಟೆ ಕಟ್ಟಿ ಅದನ್ನೇ ಸಮಾಧಿ ಅನ್ನುತ್ತಾರೆ. ರಾಯಗಡದಲ್ಲಿ ಶಿವಾಜಿಯದ್ದೂ ಹಾಗೆಯೇ. ಆದರೆ ಹೊದಿಗೆರೆಯ ಸುತ್ತಲಿನ ಲಿಂಗಾಯತರಿಗೆ ಸಮಾಧಿ ಅಂದರೆ ಒಳಗೆ ಒಬ್ಬರು ಕೂತಿರಬೇಕು.

ಕೂತಿರಬೇಕು ಎಂದದ್ದು ಅಕ್ಷರಶಃ. ಜೀವ ಹೋದ ಕೂಡಲೇ ಹೆಣವನ್ನು ಗೋಡೆಗೆ ಒರಗಿಸಿ, ಚಕ್ಕಂಬಕ್ಕಳ ಹಾಕಿಸಿ, ಬಟ್ಟೆಯಿಂದ ಬಿಗಿದು ಕೂರಿಸುತ್ತಾರೆ. ತಡವಾದರೆ ಕೈಕಾಲು ಸೆಟೆದುಕೊಂಡು ಕೂರಿಸುವುದೇ ಪಾಡು. ಹಣೆಗೆ ವಿಭೂತಿ, ತಲೆಗೆ ರುಮಾಲು. ಬಿದಿರಿನ ದಬ್ಬೆ, ಬಾಳೆದಿಂಡು, ಚೆಂಡುಹೂವಿನಲ್ಲಿ ಕಟ್ಟುವ ಪಲ್ಲಕ್ಕಿಗೆ ವಿಮಾನ ಎನ್ನುತ್ತಾರೆ. ಊರಿಗೊಬ್ಬರಾದರೂ ವಿಮಾನ ಕಟ್ಟುವುದರಲ್ಲಿ ಪಳಗಿದವರು ಇರುತ್ತಿದ್ದರು. ಗುಂಡಿಯನ್ನು ತೆಗೆಯುವುದು ಸತ್ತವರ ಪಾದದ ಅಳತೆಯಲ್ಲಿ. ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಅಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಪತ್ರೆ, ವಿಭೂತಿ, ಉಪ್ಪು ತುಂಬಿ ಮುಚ್ಚುತ್ತಾರೆ. ಜಂಗಮರು ಪಾದ ಇಡುವುದೂ ಉಂಟು. ದಾರಿಯುದ್ದಕ್ಕೂ ಮಂಡಕ್ಕಿ, ಚಿಲ್ಲರೆ ಕಾಸು ಎರಚುತ್ತಾರೆ. ದಾವಣಗೆರೆ ಜಿಲ್ಲೆಯವರ ಬದುಕಿನಲ್ಲಿ ಮಂಡಕ್ಕಿ ಬರದ ಘಟ್ಟವೇ ಇಲ್ಲ ಬಿಡಿ.

ಇಷ್ಟೆಲ್ಲ ವಿಧಿಗೆ ಊರಿನವರ ಬಾಯಲ್ಲಿ ಇರುವುದು ಒಂದೇ ಮಾತು.

‘ಮಠದ ಓಣಿ ಅಜ್ಜಾರು ಹೋದ್ರಂತಲ್ಲಣ್ಣ, ಮಣ್ಣು ಎಷ್ಟೊತ್ತಿಗೆ?’

‘ಸಂಜಿ ನಾಕಕ್ಕೆ ಕಣಪ್ಪ. ಬೆಂಗ್ಳೂರಿಂದ ಮಗ ಬರ್ಬೇಕಲ್ಲ.’

ಮಾರನೆಯ ದಿನ ಕೇಳಿದರೆ ‘ನಿನ್ನೆ ಮಣ್ಣಿಗೆ ಹೋಗಿದ್ದೆ’ ಎಂಬ ಉತ್ತರ. ಅಂತ್ಯಕ್ರಿಯೆ ಎಂದು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ. ಅದು ಪತ್ರಿಕೆಯವರ ಮಾತು. ಪಕ್ಕದ ಸಾಬರ ಓಣಿಯಲ್ಲಿ ಜನಾಜ, ದಫನ್, ಖಬರಸ್ತಾನ ಎಂಬ ಬೇರೆಯೇ ನುಡಿಗಟ್ಟು ಇದ್ದರೂ, ಗುಂಡಿಯ ಬಾಯಲ್ಲಿ ನಿಂತು ಮೂರು ಹಿಡಿ ಹಾಕುವುದಕ್ಕೆ ಅವರೂ ಮಿಟ್ಟಿ ಕೊಡುವುದು ಎನ್ನುತ್ತಾರೆ. ಕನ್ನಡದ ಗೋರಿ ಪಾರಸಿಯಿಂದ ಬಂದ ಪದ. ಶಹಾಜಿ ಉಪ್ಪುಂಡ ದೊರೆಗಳ ದರಬಾರಿನ ಭಾಷೆ ಅದೇ ಆಗಿತ್ತು. ಸ್ವಾಮಿಗಳದ್ದಾದರೆ ಗೋರಿ ಎನ್ನುವಂತಿಲ್ಲ, ಗದ್ದುಗೆ ಎನ್ನಬೇಕು. ಅರಸ ಗದ್ದುಗೆ ಏರಲು ಬದುಕಿರಬೇಕು, ಮಠಾಧೀಶನಿಗೆ ಗದ್ದುಗೆ ಆಗಲು ಲಿಂಗೈಕ್ಯನಾಗಬೇಕು. ಹೊನ್ನಾಳಿಯ ಹಿರೇಕಲ್ಮಠ, ಜಗಳೂರಿನ ಕಡೆಯ ಕಣ್ವಕುಪ್ಪೆ ಗವಿಮಠದಂಥ ಮಠಗಳಿಗೆ ನಡೆದುಕೊಳ್ಳುವವರ ಎದುರು ಈ ಪದಗಳನ್ನು ಅದಲುಬದಲು ಮಾಡಿ ನೋಡಿ, ನೆಟ್ಟಗೆ ಬೈಸಿಕೊಂಡು ಬರುತ್ತೀರಿ.

ಅದೇ ಹೊನ್ನಾಳಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಜನ ದ್ವಿತೀಯ ಮಂತ್ರಾಲಯ ಎಂದು ಕರೆಯುವ ರಾಯರ ಮಠವಿದೆ. ಮಾಧ್ವ ಗೃಹಸ್ಥರನ್ನು ಸುಡುತ್ತಾರೆ, ಯತಿಗಳನ್ನು ಮಾತ್ರ ಕೂರಿಸಿ ಹುಗಿಯುತ್ತಾರೆ. ಮೇಲೆ ಕಟ್ಟುವುದು ವೃಂದಾವನ. ರಾಘವೇಂದ್ರರು ವೃಂದಾವನಸ್ಥರಾದದ್ದು 1671ರಲ್ಲಿ, ಅಂದರೆ ಶಹಾಜಿ ಬಿದ್ದ ಏಳು ವರ್ಷಕ್ಕೆ, ಮಂತ್ರಾಲಯದಲ್ಲಿ. ಹೊನ್ನಾಳಿಯದ್ದು ಮೃತ್ತಿಕಾ ವೃಂದಾವನ. ಮೂಲದಿಂದ ತಂದ ಮೃತ್ತಿಕೆ ಒಳಗಿರುತ್ತದೆ, ದೇಹವಿಲ್ಲ. ಸಂಸ್ಕೃತದಲ್ಲಿ ಮೃತ್ತಿಕೆ ಎಂದರೂ ಕೊನೆಗೆ ಅದು ಮಣ್ಣೇ. ಸುಟ್ಟವನಿಗೂ ಸಮಾಧಿ, ದೇಹವಿಲ್ಲದೆಡೆಯೂ ವೃಂದಾವನ: ಒಳಗೆ ಏನಿದೆ ಎಂಬುದಕ್ಕಿಂತ ಹೊರಗೆ ಯಾರು ಕೈಮುಗಿಯುತ್ತಾರೆ ಎಂಬುದರಿಂದಲೇ ಈ ಕಲ್ಲುಗಳಿಗೆ ಹೆಸರು ಬಂದಂತಿದೆ.

ಹೊನ್ನಾಳಿಯಿಂದ ಒಡೆದು ಬೇರೆ ತಾಲ್ಲೂಕಾದ ನ್ಯಾಮತಿಯಲ್ಲಿ ಇನ್ನೊಂದು ವಿಚಿತ್ರ. ಲಂಬಾಣಿಗರ ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಹುಟ್ಟಿದ್ದು ಇಲ್ಲಿನ ಸೂರಗೊಂಡನಕೊಪ್ಪದಲ್ಲಿ. ಅವರ ಸಮಾಧಿ ಇರುವುದು ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ. ವೇರೂಳಿನ ಪಾಟೀಲ ಮನೆತನದ ಶಹಾಜಿಗೆ ಚನ್ನಗಿರಿ ಸೀಮೆಯಲ್ಲಿ ಕಟ್ಟೆ, ನ್ಯಾಮತಿಯ ಮಗನಿಗೆ ಮರಾಠಿ ನೆಲದಲ್ಲಿ. ಎರಡು ರಾಜ್ಯಗಳು ಗಡಿಗಾಗಿ ಕೋರ್ಟು ಹತ್ತಿರುವಾಗ ಸತ್ತವರು ಎಂದೋ ಅದಲುಬದಲು ಮಾಡಿಕೊಂಡಿದ್ದಾರೆ. ಪ್ರತಿ ಫೆಬ್ರುವರಿಯಲ್ಲಿ ಮಾಲಾಧಾರಿಗಳು ಸೂರಗೊಂಡನಕೊಪ್ಪಕ್ಕೆ ಸಾವಿರಗಟ್ಟಲೆ ಬರುತ್ತಾರೆ. ಹೊದಿಗೆರೆಗೆ ಬರುವ ಜನ ಅದಕ್ಕೆ ಹೋಲಿಸಿದರೆ ವಿರಳ. ಚುನಾವಣೆ ಹತ್ತಿರ ಬಂದಾಗ ಹೂವಿನ ಹಾರಗಳು ಹೆಚ್ಚುತ್ತವೆ.

ಹೊದಿಗೆರೆಯ ಕತೆಗೆ ಇನ್ನೊಂದು ಎಳೆಯಿದೆ. ಗಂಡನ ಸುದ್ದಿ ಕೇಳಿ ಜೀಜಾಬಾಯಿ ಸಹಗಮನಕ್ಕೆ ಹೊರಟರೆಂದೂ ಶಿವಾಜಿ ಅಂಗಲಾಚಿ ತಡೆದನೆಂದೂ ಮರಾಠಿ ಬಖರುಗಳು ಹೇಳುತ್ತವೆ. ಆಕೆ ಇನ್ನೂ ಹತ್ತು ವರ್ಷ ಬದುಕಿ, ಮಗನ ಪಟ್ಟಾಭಿಷೇಕ ಕಂಡು, 1674ರಲ್ಲಿ ರಾಯಗಡದ ಬುಡದ ಪಾಚಾಡದಲ್ಲಿ ತೀರಿಕೊಂಡರು. ತಡೆಯುವ ಮಗ ಇಲ್ಲದ ಹೆಂಗಸರ ಕಲ್ಲುಗಳು ನಮ್ಮ ಊರುಗಳ ಕೆರೆ ಏರಿಯಲ್ಲಿ, ಹನುಮಪ್ಪನ ಗುಡಿಯ ಹಿಂದೆ ಸಿಗುತ್ತವೆ: ಕಂಬದಿಂದ ಚಾಚಿದ ಬಲಗೈ, ಮೊಣಕೈವರೆಗೆ ಬಳೆ, ಅಂಗೈಯಲ್ಲಿ ನಿಂಬೆಹಣ್ಣು. ಮಾಸ್ತಿಕಲ್ಲು ಎಂದರೆ ಮಹಾಸತಿಯ ಕಲ್ಲು. ಎಷ್ಟೋ ಕಡೆ ಆಕೆ ಮಾಸ್ತಮ್ಮನಾಗಿ ಅರಿಶಿನ ಕುಂಕುಮ ಪಡೆಯುತ್ತಾಳೆ. ಹೆಸರು ಹಿಡಿದು ಕರೆಯಲು ಯಾರಿಗೂ ಹೆಸರು ಗೊತ್ತಿಲ್ಲ. ಮೂರು ಅಂಕಣದ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ, ಅದರ ಮೇಲೆ ಸರ್ಫು.

ಈಗಿನ ಫಲಕಗಳನ್ನು ಓದಿದರೆ ಇನ್ನಷ್ಟು ಉರಿ. ಸುಡುಗಾಡು ಎಂದರೆ ಅಸಹ್ಯ, ಮಸಣ ಎಂದರೆ ಹಳತು. ಅದಕ್ಕೆ ಕಮಾನು ಕಟ್ಟಿಸಿ ಮುಕ್ತಿಧಾಮ, ಶಾಂತಿಧಾಮ ಎಂದು ಬರೆಸುತ್ತಾರೆ, ಕೆಳಗೆ ಉದ್ಘಾಟಿಸಿದ ಶಾಸಕರ ಹೆಸರು ಇನ್ನೂ ದೊಡ್ಡ ಅಕ್ಷರದಲ್ಲಿ. ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಬಂದ ಮೇಲೆ ಸೆಟೆಯುವ ಮುನ್ನ ಕೂರಿಸುವ ಅವಸರವಿಲ್ಲ. ಮಲಗಿಸಿಯೇ ಇಟ್ಟು, ಶವದ ಗಾಡಿಯಲ್ಲಿ ಮಲಗಿಸಿಯೇ ಒಯ್ಯುತ್ತಾರೆ. ವಿಮಾನ ಕಟ್ಟುವವರ ಮಕ್ಕಳು ಮದುವೆ ಮಂಟಪದ ಡೆಕೊರೇಷನ್ ಹಿಡಿದಿದ್ದಾರೆ. ಅದೇ ಬಿದಿರು, ಅದೇ ಚೆಂಡುಹೂವು, ಸಂಪಾದನೆ ಜಾಸ್ತಿ.

ಒಂದು ಪದ ಮಾತ್ರ ಯಾರ ಹಂಗಿಲ್ಲದೆ ಉಳಿದಿದೆ, ಪಹಣಿಯಲ್ಲಿ. ಅಲ್ಲಿ ಮುಕ್ತಿಯೂ ಇಲ್ಲ, ಶಾಂತಿಯೂ ಇಲ್ಲ. ಸ್ಮಶಾನ, ಬಿ ಖರಾಬು ಎಂದಷ್ಟೇ ಇರುತ್ತದೆ. ಜಾಗವೇ ಇಲ್ಲದ ಊರುಗಳಿಗೆ ಸ್ಮಶಾನ ಒದಗಿಸಿ ಎಂದು 2019ರ ಆಗಸ್ಟಿನಲ್ಲಿ ಹೈಕೋರ್ಟು ಸರ್ಕಾರಕ್ಕೆ ಹೇಳಬೇಕಾಯಿತು. ಹೊಲ ಉಳ್ಳವರಿಗೆ ಆ ತಾಪತ್ರಯವಿಲ್ಲ, ತಮ್ಮ ಬದುವಿನಲ್ಲೇ ಮಣ್ಣು ಮಾಡಿ, ಅಮಾವಾಸ್ಯೆಗೆ ಎಡೆ ಇಟ್ಟು ಬರುತ್ತಾರೆ. ಹೊಲವಿಲ್ಲದವರು ಹೆಣ ಹೊತ್ತು ಇನ್ನೊಬ್ಬರ ಬದು ಹಾಯಬೇಕು. ದಾರಿ ಬಿಡದಿದ್ದಾಗ ಹೆಣವನ್ನು ತಾಲ್ಲೂಕು ಕಚೇರಿಯ ಮುಂದಿಟ್ಟು ಕೂತ ಸುದ್ದಿಗಳು ವರ್ಷಕ್ಕೆ ಕೆಲವಾದರೂ ಬರುತ್ತವೆ. ಚನ್ನಗಿರಿ ಕಡೆ ಅಡಿಕೆಗೆ ಬೆಲೆ ಬಂದು ತೋಟ ಕೈಬದಲಾಗುವಾಗ ಹಿರಿಯರ ಸಮಾಧಿಯಿರುವ ಗುಂಟೆಯನ್ನು ಬಿಟ್ಟು ಉಳಿದದ್ದನ್ನು ಕ್ರಯಕ್ಕೆ ಬರೆದುಕೊಡುವವರಿದ್ದಾರೆ. ಕೊಂಡವನು ಸುತ್ತ ಬೇಲಿ ಹಾಕುತ್ತಾನೆ, ಎಡೆ ಹಿಡಿದು ಬಂದವರು ‘ದಾರಿ ಎಲ್ಲೈತೆ’ ಎಂದು ಕೇಳುತ್ತಾರೆ, ಅಲ್ಲಿಂದ ಸರ್ವೆಯವರ ಪಾಳಿ ಶುರುವಾಗುತ್ತದೆ.