ಹಿಂದಿನ ಮನೆ ಖಾಲಿ ಬಿಡಬೇಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮೊದಲ ಲೆವೆಲ್‌ನ ಮಂತ್ರವಾದಿಯ ಜೀವ ಎಷ್ಟು ನಾಜೂಕು ಅನ್ನುವುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅವನ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಸಾಮಾನ್ಯವಾಗಿ ಏಳೆಂಟು. ಎದುರಿಗೆ ಬರುವ ಗಾಬ್ಲಿನ್ ಅನ್ನುವ ಕುಳ್ಳ ದುಷ್ಟನ ಕತ್ತಿಯ ಏಟಿಗೆ ಸರಾಸರಿ ಐದಾರು ಅಂಕ ಹೋಗುತ್ತದೆ. ಅವನ ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಏಟು ಹದಿನಾಲ್ಕರವರೆಗೂ ಏರಬಹುದು. ಏಳು ಅಂಕದ ಮಂತ್ರವಾದಿಗೆ ಆ ಹದಿನಾಲ್ಕು ತಗುಲಿದರೆ ಮೂರ್ಛೆಯ ಮಾತೇ ಇಲ್ಲ, ನಿಂತಲ್ಲೇ ಸಾವು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬರು ಕಥೆ ಹೇಳುತ್ತ ಹೋಗುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ 'ನಾನು ಹೀಗೆ ಮಾಡುತ್ತೇನೆ' ಅನ್ನುತ್ತಾರೆ, ಆಯಿತೋ ಇಲ್ಲವೋ ದಾಳ ಹೇಳುತ್ತದೆ. ಬಾಗಲಕೋಟೆಯ ನವನಗರದಲ್ಲಿ ಭಾನುವಾರ ಸಂಜೆ ಕಾಲೇಜು ಮಕ್ಕಳಿಗೆ ನಾನು ಆಡಿಸುವುದು 2014ರ ಐದನೆಯ ಆವೃತ್ತಿ. ಮಾತೆಲ್ಲ ನಮ್ಮ ಕಡೆಯದೇ.

ಹೊಸಬರಿಗೆ ನಾನು ಮೊದಲು ಆಡಿಸುವುದು ಹುಲಿ-ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನಬೇಕಾದರೆ ಕುರಿಯ ಹಿಂದಿನ ಮನೆ ಖಾಲಿ ಇರಬೇಕು. ಹಿಂದೆ ಇನ್ನೊಂದು ಕುರಿ ನಿಂತಿದ್ದರೆ ಹುಲಿ ಏನೂ ಮಾಡಲಾರದು. ಮೊದಲ ಲೆವೆಲ್‌ನ ತಂಡ ಕುರಿಯ ಕಡೆಯದು. ಗೆಲ್ಲುವುದು ನಿಲ್ಲುವ ಜಾಗದಿಂದ. ಇದನ್ನು ಮನಸ್ಸಿಗೆ ಹಾಕಿಕೊಂಡ ಮಕ್ಕಳು ಬೇಗ ಸಾಯುವುದಿಲ್ಲ.

ಜಾಗ ಅಂದೆನಲ್ಲ, ನನ್ನ ನಕ್ಷೆಗಳು ಬಾದಾಮಿಯವು. 543ರಲ್ಲಿ ಒಂದನೆಯ ಪುಲಕೇಶಿ ಬರೆಸಿದ ಬಂಡೆಗಲ್ಲಿನ ಶಾಸನವೇ ಈ ಕೋಟೆ ಮೇಲಿನಿಂದಲೂ ಕೆಳಗಿನಿಂದಲೂ ಶತ್ರುಗಳಿಗೆ ಅಸಾಧ್ಯ ಎಂದು ಸಾರುತ್ತದೆ. ಅಗಸ್ತ್ಯ ತೀರ್ಥದ ದಡದಲ್ಲಿ ಮ್ಯೂಸಿಯಂ ಇದೆಯಲ್ಲ, ಅದರ ಪಕ್ಕದಿಂದ ಉತ್ತರದ ಕೋಟೆಗೆ ಹತ್ತಿ ನೋಡಿ. ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆ, ನಡುವೆ ಇಕ್ಕಟ್ಟಾದ ದಾರಿ. ಅಂಥ ಸಂದಿನಲ್ಲಿ ಗುರಾಣಿ ಹಿಡಿದ ಒಬ್ಬ ಫೈಟರ್ ಅಡ್ಡ ನಿಂತರೆ ಆರು ಗಾಬ್ಲಿನ್ ಬಂದರೂ ಕತ್ತಿ ಬೀಸುವವನು ಒಬ್ಬನೇ. ಆದರೆ ಗಾಬ್ಲಿನ್‌ಗಳ ಹತ್ತಿರ ಬಿಲ್ಲೂ ಇರುತ್ತದೆ. ನೇರ ಸಂದಿನಲ್ಲಿ ನಿಂತರೆ ಬಾಣಕ್ಕೆ ಗುರಿ, ತಿರುವಿನ ಈಚೆಗೆ ನಿಂತರೆ ಅವರು ಹತ್ತಿರ ಬರಲೇಬೇಕು. ತಿರುವು ಹುಡುಕಿ.

ಇನ್ನು ಹೊಡೆಯುವ ಕ್ರಮ. ಗಾಬ್ಲಿನ್‌ಗೆ ಏಳು ಅಂಕದ ಜೀವ. ನಾಲ್ವರು ಆಟಗಾರರು ನಾಲ್ಕು ಗಾಬ್ಲಿನ್‌ಗಳನ್ನು ಹಂಚಿಕೊಂಡು ತಲಾ ಆರು ಅಂಕದ ಏಟು ಹಾಕಿದರು ಅನ್ನಿ. ಒಟ್ಟು 24 ಅಂಕ ಹೊಡೆದರೂ ತಿರುಗಿ ಬರುವ ಕತ್ತಿ ನಾಲ್ಕೇ, ಯಾಕೆಂದರೆ ಒಂದೇ ಅಂಕ ಉಳಿದವನೂ ಪೂರ್ತಿ ಜೀವ ಇದ್ದವನಷ್ಟೇ ಜೋರಾಗಿ ಹೊಡೆಯುತ್ತಾನೆ. ಅವೇ ನಾಲ್ಕು ಏಟು ಇಬ್ಬರ ಮೇಲೆ ಎರಡೆರಡು ಬಿದ್ದಿದ್ದರೆ ಇಬ್ಬರು ನೆಲಕ್ಕೆ, ತಿರುಗಿ ಬರುವ ಕತ್ತಿ ಎರಡು. ಮಂತ್ರವಾದಿಗೆ ನಿದ್ರೆಯ ಮಂತ್ರ ಗೊತ್ತಿದ್ದರೆ ಇನ್ನೂ ಒಳ್ಳೆಯದು: ಐದು ಎಂಟು-ಮುಖದ ದಾಳ ಉರುಳಿಸಿದರೆ ಸರಾಸರಿ 22, ಅಷ್ಟು ಅಂಕದ ಜೀವಕ್ಕೆ ನಿದ್ರೆ, ಅಂದರೆ ಮೂವರು ಗಾಬ್ಲಿನ್‌ಗಳು ಅಲ್ಲೇ ಮಲಗುತ್ತಾರೆ. ಆದರೆ ದಿನಕ್ಕೆ ಇಂಥ ಮಂತ್ರ ಎರಡೋ ಮೂರೋ ಅಷ್ಟೇ. ಮೊದಲ ಗಲಾಟೆಯಲ್ಲೇ ಮುಗಿಸಿಕೊಂಡು ಕೂತವರನ್ನು ತುಂಬ ನೋಡಿದ್ದೇನೆ.

ನಮ್ಮ ತಂಡದಲ್ಲಿ ಇಳಕಲ್ಲಿನ ಹುಡುಗಿಯೊಬ್ಬಳು ಕ್ಲೆರಿಕ್, ಗಾಯ ಮಾಯಿಸುವವಳು. ಅವಳ ಆಟ ನೋಡಿ ಕಲಿಯುವಂಥದ್ದು. ನಿಂತವನ ಗಾಯಕ್ಕೆ ಮಂತ್ರ ಖರ್ಚು ಮಾಡುವುದೇ ಇಲ್ಲ. ಬಿದ್ದವನು ಪ್ರತಿ ಸರದಿಗೆ ದಾಳ ಹಾಕಬೇಕು, ಹತ್ತಕ್ಕಿಂತ ಕಡಿಮೆ ಮೂರು ಸಲ ಬಿದ್ದರೆ ಸತ್ತ. ಅದಕ್ಕೆ ಮೊದಲೇ 60 ಅಡಿ ದೂರದಿಂದ ಒಂದು ಮಾತು ಹೇಳಿ ಎಬ್ಬಿಸುತ್ತಾಳೆ. ಒಂದು ಅಂಕ ಬಂದರೂ ಸಾಕು, ಎದ್ದು ಹೊಡೆಯುತ್ತಾನೆ.

ಓಡುವ ಮಾತಿಗೇ ಜಗಳ. ಹುನಗುಂದದ ಹುಡುಗ ನಮ್ಮ ಫೈಟರ್. 'ಯಾಕ ಓಡಬೇಕ್ರಿ ಸರ್, ನಾವೇನ ಅಂಜುಬುರುಕರೇನ್ರಿ?' ಅಂತಾನೆ. 'ಜೀವ ಇದ್ರ ನಾಳೆ ಬಂದು ಹೊಡಿಯೂಣು ತಮ್ಮಾ' ಅನ್ನುತ್ತೇನೆ. ಓಡುವುದಕ್ಕೂ ಲೆಕ್ಕ ಬೇಕು. ಒಂದು ಸರದಿಗೆ ಮನುಷ್ಯ 30 ಅಡಿ ನಡೆದರೆ ಗಾಬ್ಲಿನ್ ಕೂಡ 30 ಅಡಿ, ತಂಡದ ಡ್ವಾರ್ಫ್, ಅಂದರೆ ಗಿಡ್ಡ ಕುಲದವನು, 25 ಮಾತ್ರ. ಆದ್ದರಿಂದ ಡ್ವಾರ್ಫ್ ಮೊದಲು ಹೊರಡಬೇಕು, ಇಬ್ಬರು ಬಿದ್ದ ಮೇಲಲ್ಲ, ಒಬ್ಬ ಬಿದ್ದ ಕೂಡಲೇ. ಬಿದ್ದವನನ್ನು ಎತ್ತಿಕೊಳ್ಳಲು ಆಗ ಇನ್ನೂ ಕೈಗಳಿರುತ್ತವೆ.

ಎರಡನೆಯ ಲೆವೆಲ್‌ಗೆ ತಲಾ 300 ಅನುಭವದ ಅಂಕ ಬೇಕು. ಒಂದು ಗಾಬ್ಲಿನ್‌ಗೆ 50, ಅದೂ ತಂಡಕ್ಕೆಲ್ಲ ಸೇರಿ. ನಾಲ್ವರ ತಂಡ ನಾಲ್ಕು ಗಾಬ್ಲಿನ್‌ಗಳನ್ನು ಸೋಲಿಸಿದರೆ ತಲೆಗೆ 50, ಅಂದರೆ ಅಂಥ ಆರು ಕಾಳಗ ದಾಟಬೇಕು. ಕಾವಲುಗಾರರ ಕಣ್ಣು ತಪ್ಪಿಸಿ ದಾಟಿದರೂ, ಮಾತಿನಲ್ಲಿ ಒಪ್ಪಿಸಿ ದಾಟಿದರೂ ನನ್ನ ಮೇಜಿನಲ್ಲಿ ಪೂರ್ತಿ ಅಂಕ ಕೊಡುತ್ತೇನೆ.