ಗ್ಯಾರೇಜಿನ ಕರಿ ಆಯಿಲ್ ಎಲ್ಲಿಗೆ ಹೋಗುತ್ತದೆ?

ಗ್ಯಾರೇಜ್, ಲಾರಿ, ರಿಕ್ಷಾ, ಬೋಟು, ಗುಜರಿ ಅಂಗಡಿ. ಇವುಗಳಲ್ಲಿ ಒಂದಕ್ಕಾದರೂ ಸಂಬಂಧ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಎಂಜಿನ್‌ನಿಂದ ಇಳಿಸಿದ ಕರಿ ಆಯಿಲ್ ಎಲ್ಲ ಕಡೆಯೂ ಇದೆ. ಬ್ಯಾರಲ್ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ನಾವು ಕೇಳುವುದಿಲ್ಲ. ಕೆಲವರು ಸೆಂಟ್ರಿಂಗ್ ಹಲಗೆಗೆ ಬಳಿಯುತ್ತಾರೆ, ಕೆಲವರು ಗೆದ್ದಲು ಹಿಡಿಯದಿರಲಿ ಎಂದು ಬೇಲಿ ಕಂಬಕ್ಕೆ ಹಚ್ಚುತ್ತಾರೆ. ಕುಲುಮೆಯಲ್ಲಿ ಉರಿಸಲು ಕೊಂಡೊಯ್ಯುವವರೂ ಇದ್ದಾರೆ. ಚೆಲ್ಲಿದ್ದು ಹಿತ್ತಿಲ ಮಣ್ಣಿಗೆ.

ನಿಜ ಹೇಳಬೇಕೆಂದರೆ ಈ ಆಯಿಲ್ ಸವೆದು ಹೋಗಿರುವುದಿಲ್ಲ, ಕೊಳಕಾಗಿರುತ್ತದೆ ಅಷ್ಟೇ. ಮಸಿ, ನೀರು, ಡೀಸೆಲ್, ಲೋಹದ ಪುಡಿ ಸೇರಿರುತ್ತವೆ, ಕಂಪೆನಿ ಬೆರೆಸಿದ ರಾಸಾಯನಿಕಗಳ ಶಕ್ತಿ ಮುಗಿದಿರುತ್ತದೆ. ಕೊಳೆ ತೆಗೆದರೆ ಒಳಗಿನ ಎಣ್ಣೆ ಮತ್ತೆ ಎಂಜಿನ್‌ಗೆ ಬರುತ್ತದೆ. ದೊಡ್ಡ ಕಾರ್ಖಾನೆಗಳು ಮಾಡುವುದು ಇದನ್ನೇ.

ಅಲ್ಲಿ ಮೊದಲು ಆಯಿಲನ್ನು ಬಿಸಿ ಮಾಡಿ ನೀರು, ಪೆಟ್ರೋಲ್, ಡೀಸೆಲ್ ಬೇರ್ಪಡಿಸುತ್ತಾರೆ. ಉಳಿದದ್ದನ್ನು ಗಾಳಿ ಹೀರಿ ತೆಗೆದ ಪಾತ್ರೆಗೆ ಹಾಕುತ್ತಾರೆ. ಗಾಳಿಯ ಒತ್ತಡ ಇಲ್ಲದ ಕಡೆ ಎಣ್ಣೆ ಕಡಿಮೆ ಶಾಖಕ್ಕೇ ಆವಿಯಾಗುತ್ತದೆ, ಸುಟ್ಟು ಒಡೆಯುವುದಿಲ್ಲ. ಒಳಗೆ ತಿರುಗುವ ಅಲಗುಗಳು ಬಿಸಿ ಗೋಡೆಯ ಮೇಲೆ ಎಣ್ಣೆಯನ್ನು ನೀರ್ ದೋಸೆಯಂತೆ ತೆಳ್ಳಗೆ ಹರಡುತ್ತವೆ. ಆವಿ ತಣಿದಾಗ ತಿಳಿ ಎಣ್ಣೆ ಸಿಗುತ್ತದೆ. ಲೋಹ, ಮಸಿ ತಳದಲ್ಲಿ ಉಳಿಯುತ್ತದೆ, ಆ ದಪ್ಪ ಪದಾರ್ಥವನ್ನು ಡಾಂಬರಿಗೆ ಬಳಸಬಹುದು. ಕೊನೆಗೆ ಹೈಡ್ರೋಜನ್ ಹಾಯಿಸಿ ಗಂಧಕ, ಬಣ್ಣ, ವಾಸನೆ ತೆಗೆಯುತ್ತಾರೆ. ಹೊಸ ರಾಸಾಯನಿಕ ಬೆರೆಸಿದರೆ ಆಯಿಲ್ ಸಿದ್ಧ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ ಹೀಗಿದೆ: ಸುಮಾರು 2.4 ಲೀಟರ್ ಎಂಜಿನ್ ಆಯಿಲ್ ಮಾಡಲು ಕಚ್ಚಾ ತೈಲವಾದರೆ ಒಂದು ಬ್ಯಾರಲ್, ಅಂದರೆ 159 ಲೀಟರ್ ಬೇಕು. ಬಳಸಿದ ಆಯಿಲ್ ಆದರೆ 3.8 ಲೀಟರ್ ಸಾಕು. ಆದರೆ ಉರಿಸಿದ ಆಯಿಲ್ ಮರಳಿ ಬರುವುದಿಲ್ಲ, ಅದರ ಲೋಹವೂ ಹೊಗೆಯೊಂದಿಗೆ ನಮ್ಮ ಗಾಳಿಗೆ ಸೇರುತ್ತದೆ. ನೆಲಕ್ಕೆ ಸುರಿದದ್ದು ಮಳೆಗಾಲದಲ್ಲಿ ಮುರಕಲ್ಲಿನ ಸಂದಿಯಲ್ಲಿ ಇಳಿದು ಬಾವಿಗೆ ತಲುಪಬಹುದು. ಒಂದು ಲೀಟರ್ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎನ್ನುತ್ತಾರೆ.

ಕಾನೂನೂ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಬಳಸಿದ ಆಯಿಲನ್ನು ಅನುಮತಿ ಪಡೆದವರಿಗೇ ಕೊಡಬೇಕು. 2023ರ ತಿದ್ದುಪಡಿಯಂತೆ, 2024 ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಮತ್ತು ಆಮದು ಮಾಡುವ ಕಂಪೆನಿಗಳಿಗೂ ಅದರ ಮರುಬಳಕೆಯ ಹೊಣೆ ಬಂದಿದೆ. ಆದರೆ ಕಂಪೆನಿಯ ಹೊಣೆ ಗ್ಯಾರೇಜಿನ ಬ್ಯಾರಲ್‌ವರೆಗೆ ತಲುಪುವುದು ನಮ್ಮ ಕೈಯಿಂದಲೇ.

ಇಲ್ಲೇ ಇರುವುದು ಕಷ್ಟ. "ಉಸ್ತಾದ್, ಕುಲುಮೆಯವರು ಲೀಟರಿಗೆ ನಾಲ್ಕು ಕಾಸು ಹೆಚ್ಚು ಕೊಡ್ತಾರೆ, ನಾವೇನ್ ಮಾಡೋದು?" ಎಂದು ಗ್ಯಾರೇಜಿನ ಹುಡುಗನೊಬ್ಬ ನಮ್ಮನ್ನು ಕೇಳಿದ. ಸುಳ್ಳಲ್ಲ. ಚಿಕ್ಕ ಗ್ಯಾರೇಜಿಗೆ ಆ ಕಾಸೂ ಕಾಸೇ. ಆದರೆ ಆ ಹೊಗೆ ಕುಡಿಯುವುದೂ ಆ ಬಾವಿಯ ನೀರು ಕುಡಿಯುವುದೂ ನಮ್ಮದೇ ಮಕ್ಕಳು. ಒಂದು ರಸ್ತೆಯ ಏಳೆಂಟು ಗ್ಯಾರೇಜಿನವರು ಸೇರಿ ಒಟ್ಟಿಗೆ ಬ್ಯಾರಲ್ ತುಂಬಿಸಿದರೆ ಅನುಮತಿ ಇರುವವರ ಗಾಡಿ ಬರಲು ಅನುಕೂಲ, ದರ ಕೇಳಲೂ ಬಾಯಿ ಬರುತ್ತದೆ.

ನಾಳೆಯಿಂದಲೇ ಮಾಡಬಹುದಾದದ್ದು ಇಷ್ಟು: ಕರಿ ಆಯಿಲ್‌ಗೆ ಕೂಲಂಟ್, ಬ್ರೇಕ್ ಆಯಿಲ್, ಪೇಂಟ್ ಥಿನ್ನರ್ ಬೆರೆಸಬೇಡಿ. ಬೆರೆಸಿದರೆ ಮತ್ತೆ ಶುದ್ಧ ಮಾಡುವುದು ಕಷ್ಟ. ಮುಚ್ಚಳ ಇರುವ ಬ್ಯಾರಲನ್ನು ಮಳೆ ಬೀಳದ ಕಡೆ ಇಡಿ. ಕೊಳ್ಳಲು ಬಂದವರ ಬಳಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಕೇಳಿ. ಹುಡುಗರಿಗೆ ಕೈಗವಸು ಕೊಡಿಸಿ, ಸಂಜೆ ಸೋಪಿನಲ್ಲಿ ಕೈ ತೊಳೆಸಿ. ಬಳಸಿದ ಎಂಜಿನ್ ಆಯಿಲ್ ಹಚ್ಚಿದ ಇಲಿಗಳಿಗೆ ಚರ್ಮದ ಗಡ್ಡೆ ಬಂದದ್ದನ್ನು ಪ್ರಯೋಗಗಳು ತೋರಿಸಿವೆ.

ಆಯಿಲ್ ಬದಲಿಸಲು ಹೋದಾಗ ಬಿಲ್ಲಿನ ಜೊತೆ ನಾವೂ ಒಂದು ಮಾತು ಕೇಳೋಣ: "ಹಳೇದನ್ನು ಯಾರಿಗೆ ಕೊಡ್ತೀರಿ?"